ಸೆಮಿ ಟ್ರಕ್ಕಿನ ಸಿಬಿ ರೇಡಿಯೊ: ಆಂಟೆನಾ ಮತ್ತು ಅರ್ಥಿಂಗ್ ದೋಷ ಹುಡುಕುವ ಕ್ರಮ

ಅಮೆರಿಕದ ಹೆದ್ದಾರಿಗಳಲ್ಲಿ ಹದಿನೆಂಟು ಚಕ್ರದ ಸೆಮಿ ಟ್ರಕ್ ಓಡಿಸುವ ಪ್ರತಿಯೊಬ್ಬರ ಬಳಿಯೂ ಇಂದು ಮೊಬೈಲ್ ಫೋನ್ ಇದೆ. ಆದರೂ ನೆಬ್ರಾಸ್ಕಾದಿಂದ ವಯೋಮಿಂಗ್ ಕಡೆಗೆ ಸಾಗುವ ಐ-80 ರಸ್ತೆಯಲ್ಲಿ ಹಿಮಗಾಳಿ ಎದ್ದು ಮುಂದಿನ ವಾಹನದ ಕೆಂಪು ದೀಪವೂ ಕಾಣದಂತಾದಾಗ, ಎರಡು ಮೈಲಿ ಆಚೆ ಟ್ರೇಲರ್ ಒಂದು ರಸ್ತೆಗೆ ಅಡ್ಡಬಿದ್ದಿದೆ ಎಂಬ ಎಚ್ಚರಿಕೆ ಚಾಲಕನಿಗೆ ಬೇಗ ತಲುಪುವ ದಾರಿ ಸಿಬಿ (ಸಿಟಿಜನ್ಸ್ ಬ್ಯಾಂಡ್) ರೇಡಿಯೊದ, ಎಂದರೆ ಚಾಲಕರು ತಮ್ಮತಮ್ಮಲ್ಲೇ ನೇರವಾಗಿ ಮಾತಾಡಿಕೊಳ್ಳುವ ರೇಡಿಯೊದ, 19ನೇ ಚಾನೆಲ್ಲೇ ಆಗಿದೆ. ಆ ಮಾತು ಎರಡು ಮೈಲಿಯಿಂದ ಕೇಳಿಸುವುದಕ್ಕೂ ಇನ್ನೂರು ಗಜದಿಂದ ಮಾತ್ರ ಕೇಳಿಸುವುದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಅಂಥ ಹೆದ್ದಾರಿಯ ಪಕ್ಕದ ದುರಸ್ತಿ ಅಂಗಡಿಯಲ್ಲಿ ಹಲವು ಚಳಿಗಾಲಗಳಿಂದ ಈ ಕೆಲಸ ಮಾಡುತ್ತ ಬಂದಿರುವ ನಾನು ಕಂಡಂತೆ, ರೇಡಿಯೊ ಕೆಟ್ಟಿದೆಯೆಂದು ಒಳಗೆ ಬರುವ ಟ್ರಕ್ಕುಗಳಲ್ಲಿ ಬಹುಪಾಲು ರೇಡಿಯೊವೂ ಸರಿಯಾಗಿರುತ್ತದೆ, ಆಂಟೆನಾ ಕಡ್ಡಿಯೂ ಸರಿಯಾಗಿರುತ್ತದೆ. ಕೆಟ್ಟಿರುವುದು ಆಂಟೆನಾ ಕೂರುವ ಬ್ರಾಕೆಟ್ಟಿನಿಂದ, ಚಾಲಕ ಕೂರುವ ಕ್ಯಾಬಿನ ಲೋಹದವರೆಗಿನ ಗೇಣುದ್ದದ ದಾರಿ. ಆ ದಾರಿಯಲ್ಲಿನ ದೋಷವನ್ನು ಹುಡುಕುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಇದೇ ಕ್ರಮ, ಬೇರೆ ಅಳತೆಗಳೊಂದಿಗೆ, ವಾಹನದಲ್ಲಿ ಹವ್ಯಾಸಿಗಳ ಹ್ಯಾಮ್ ರೇಡಿಯೊ ಕೂರಿಸಿಕೊಂಡಿರುವವರಿಗೂ ಅನ್ವಯಿಸುತ್ತದೆ.

ಅರ್ಥಿಂಗ್ ಎಂದರೆ ಇಲ್ಲಿ ಏನು

ನಮ್ಮ ಊರಿನ ಲಾರಿ ಎಲೆಕ್ಟ್ರಿಷಿಯನ್‌ಗಳು ಬಾಡಿ ಅರ್ಥ್ ಎಂದು ಕರೆಯುವುದು ಬ್ಯಾಟರಿಯ ಋಣ ತುದಿಯನ್ನು ಚಾಸಿಸ್ಸಿಗೆ ಸೇರಿಸುವ ವ್ಯವಸ್ಥೆಯನ್ನು. ದೀಪ, ಹಾರ್ನ್, ಸ್ಟಾರ್ಟರ್ ಎಲ್ಲವಕ್ಕೂ ಅದು ಸಾಕು. ಆಂಟೆನಾಕ್ಕೆ ಬೇಕಾದ ಅರ್ಥಿಂಗ್ ಬೇರೆ ಜಾತಿಯದು, ಮತ್ತು ಈ ಎರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಅರ್ಧಕ್ಕಿಂತ ಹೆಚ್ಚು ಗೊಂದಲ ಹುಟ್ಟುತ್ತದೆ. ಸಿಬಿ ರೇಡಿಯೊ 26.965ರಿಂದ 27.405 ಮೆಗಾಹರ್ಟ್ಜ್‌ವರೆಗಿನ 40 ಚಾನೆಲ್‌ಗಳಲ್ಲಿ ಕೆಲಸ ಮಾಡುತ್ತದೆ, ಅಂದರೆ ಅದರ ಅಲೆಯ ಉದ್ದ ಸುಮಾರು 11 ಮೀಟರ್. ಕಾಲು ಅಲೆಯ ಪೂರ್ಣ ಆಂಟೆನಾ ಮಾಡಿದರೆ ಅದು ಸುಮಾರು ಎರಡೂಮುಕ್ಕಾಲು ಮೀಟರ್ ಆಗುವುದರಿಂದ, ಟ್ರಕ್ಕಿನ ಮೇಲೆ ಸುರುಳಿ ಸುತ್ತಿದ ಒಂದು ಮೀಟರಿನಿಂದ ಒಂದೂಕಾಲು ಮೀಟರಿನ ಕಡ್ಡಿಗಳನ್ನು ಬಳಸುತ್ತಾರೆ. ಆದರೆ ಕಡ್ಡಿ ಆಂಟೆನಾದ ಅರ್ಧ ಮಾತ್ರ. ಅದರ ಇನ್ನೊಂದು ಅರ್ಧ ಕೆಳಗಿರುವ ಲೋಹದ ಮೈ, ಮತ್ತು ಕಡ್ಡಿಯಲ್ಲಿ ಹರಿಯುವಷ್ಟೇ ಕರೆಂಟು ಆ ಮೈಯಲ್ಲೂ ಹರಿಯಬೇಕು. ಆ ಹರಿವಿಗೆ ದಾರಿ ಸಿಗದಿದ್ದರೆ ಅದು ಕೋಆಕ್ಸಿಯಲ್ ಕೇಬಲ್ಲಿನ (ನಡುವೆ ಒಂದು ತಂತಿ, ಸುತ್ತ ತಾಮ್ರದ ಹೆಣಿಗೆ ಇರುವ ಕೇಬಲ್) ಹೊರಮೈಯನ್ನೇ ಹಿಡಿದು ಕ್ಯಾಬಿನೊಳಕ್ಕೆ ಬರುತ್ತದೆ.

ಹಳೆಯ ಟ್ರಕ್ಕುಗಳಲ್ಲಿ ಕನ್ನಡಿಯ ತೋಳು, ಬಾಗಿಲು, ಚಾವಣಿ ಎಲ್ಲವೂ ಬರಿ ಲೋಹವಾಗಿದ್ದಾಗ ಈ ಹರಿವಿಗೆ ದಾರಿ ತಾನಾಗಿಯೇ ಸಿಗುತ್ತಿತ್ತು. ಗಾಳಿಯ ತಡೆ ಕಡಿಮೆ ಮಾಡಿ ಡೀಸೆಲ್ ಉಳಿಸುವುದಕ್ಕಾಗಿ ರೂಪಿಸಿದ ಈಗಿನ ಟ್ರಕ್ಕುಗಳಲ್ಲಿ ಬಾನೆಟ್ಟು, ಚಾವಣಿಯ ಮೇಲಿನ ಗಾಳಿತಡೆ, ಪಕ್ಕದ ಹೊದಿಕೆಗಳೆಲ್ಲ ಫೈಬರ್ ಗ್ಲಾಸ್ ಅಥವಾ ಪ್ಲಾಸ್ಟಿಕ್. ಕನ್ನಡಿಯ ಚಿಪ್ಪು ಪ್ಲಾಸ್ಟಿಕ್, ತೋಳಿನ ಮೇಲೆ ದಪ್ಪನೆಯ ಪೌಡರ್ ಲೇಪನ, ತೋಳು ಮತ್ತು ಬಾಗಿಲಿನ ನಡುವೆ ರಬ್ಬರಿನ ಪಟ್ಟಿ. ಬೋಲ್ಟು ಲೋಹದ್ದೇ ಆಗಿದ್ದರೂ ಅದು ಹೋಗಿ ಕೂರುವ ಜಾಗ ಲೋಹದ್ದೇ ಎಂದು ಹೊರಗಿನಿಂದ ನೋಡಿ ಹೇಳಲಾಗದು.

ಮೊದಲು ಮೂರು ಚಾನೆಲ್‌ಗಳ ಅಳತೆ

ಎಸ್‌ಡಬ್ಲ್ಯುಆರ್ ಮೀಟರು ಆಂಟೆನಾಕ್ಕೆ ಹೋದ ಶಕ್ತಿಯಲ್ಲಿ ಎಷ್ಟು ಭಾಗ ತಿರುಗಿ ರೇಡಿಯೊಗೇ ಬಂತು ಎಂಬುದನ್ನು ಒಂದು ಅನುಪಾತವಾಗಿ ತೋರಿಸುತ್ತದೆ. 1.5 ಎಂದರೆ ಶೇಕಡಾ 4, 2 ಎಂದರೆ ಶೇಕಡಾ 11, 3 ಎಂದರೆ ಶೇಕಡಾ 25 ಭಾಗ ಹಿಂದಿರುಗುತ್ತಿದೆ ಎಂದರ್ಥ. ಅಮೆರಿಕದ ನಿಯಮದಂತೆ ಎಎಂ ವಿಧಾನದಲ್ಲಿ ಸಿಬಿ ರೇಡಿಯೊಗೆ ಸಿಗುವುದೇ 4 ವಾಟ್. 3ರ ಮೇಲೆ ನಿಂತ ಮೀಟರಿನ ಮುಂದೆ ಮಾತಾಡುತ್ತಲೇ ಇದ್ದರೆ ರೇಡಿಯೊದ ಕೊನೆಯ ಹಂತದ ಟ್ರಾನ್ಸಿಸ್ಟರ್ ಬಿಸಿಯಾಗಿ ಸುಡಬಹುದಾದ್ದರಿಂದ, ಪ್ರತಿ ಅಳತೆಗೂ ಮೈಕಿನ ಗುಂಡಿಯನ್ನು ಮೂರು ನಾಲ್ಕು ಸೆಕೆಂಡಿಗಿಂತ ಹೆಚ್ಚು ಒತ್ತಬಾರದು.

ಅಳತೆಯ ಜಾಗದ ಬಗ್ಗೆ ಅಸಡ್ಡೆ ಮಾಡಬಾರದು. ಶೆಡ್ಡಿನೊಳಗೆ, ತಗಡಿನ ಗೋಡೆಯ ಪಕ್ಕ, ಅಥವಾ ಟ್ರಕ್ ಸ್ಟಾಪಿನಲ್ಲಿ ಎರಡು ಟ್ರೇಲರ್‌ಗಳ ಸಂದಿಯಲ್ಲಿ ನಿಂತು ತೆಗೆದ ಅಳತೆ ಆ ಜಾಗದ ಅಳತೆಯೇ ಹೊರತು ಟ್ರಕ್ಕಿನದಲ್ಲ. ಟ್ರಕ್ಕನ್ನು ಬಯಲಿಗೆ ತಂದು, ಎರಡೂ ಬಾಗಿಲು ಮುಚ್ಚಿ, ಯಾರೂ ಆಂಟೆನಾದ ಹತ್ತಿರ ನಿಲ್ಲದಂತೆ ನೋಡಿಕೊಂಡು, ಚಾನೆಲ್ ಖಾಲಿಯಿದೆಯೇ ಎಂದು ಕೇಳಿಸಿಕೊಂಡ ಮೇಲೆ 1, 20 ಮತ್ತು 40ನೇ ಚಾನೆಲ್‌ಗಳಲ್ಲಿ ಅಳೆಯಬೇಕು. ತುರ್ತು ಕರೆಗಳಿಗೆ ಮೀಸಲಾದ 9ನೇ ಚಾನೆಲ್ಲಿನಲ್ಲಿ ಪರೀಕ್ಷೆ ಬೇಡವೇ ಬೇಡ. ನೆತ್ತಿಯ ಮೇಲೆ ವಿದ್ಯುತ್ ತಂತಿ ಹಾದುಹೋಗಿರುವ ಜಾಗದಲ್ಲಿ ಆಂಟೆನಾ ಬಿಚ್ಚುವುದಾಗಲಿ ಎತ್ತುವುದಾಗಲಿ ಕೂಡದು.

ಈ ಮೂರು ಅಂಕಿಗಳನ್ನು ಒಟ್ಟಿಗೆ ಓದಬೇಕು. ಒಂದನೇ ಚಾನೆಲ್ಲಿನಲ್ಲಿ ಹೆಚ್ಚಾಗಿದ್ದು 40ರ ಕಡೆಗೆ ಇಳಿಯುತ್ತ ಹೋದರೆ ಆಂಟೆನಾ ಗಿಡ್ಡವಾಗಿದೆ, 40ರಲ್ಲಿ ಹೆಚ್ಚಾಗಿದ್ದರೆ ಉದ್ದವಾಗಿದೆ, ಮಧ್ಯದಲ್ಲಿ ಕಡಿಮೆಯಿದ್ದು ಎರಡು ತುದಿಗಳಲ್ಲಿ ಸಮನಾಗಿ ಏರಿದರೆ ಉದ್ದ ಸರಿಯಾಗಿದೆ. ಮೂರೂ ಚಾನೆಲ್‌ಗಳಲ್ಲಿ 3ಕ್ಕಿಂತ ಮೇಲಿದ್ದರೆ ಅದು ಉದ್ದದ ವಿಷಯವೇ ಅಲ್ಲ. ಅಲ್ಲಿ ಶಾರ್ಟ್ ಇದೆ, ತಂತಿ ಕಡಿದಿದೆ, ಇಲ್ಲವೇ ಅರ್ಥಿಂಗ್ ಇಲ್ಲ. ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಎಲ್ಲ ಚಾನೆಲ್‌ಗಳಲ್ಲೂ ಮೇಲೇ ನಿಂತ ಮೀಟರನ್ನು ನೋಡಿ ಕಡ್ಡಿಯ ತುದಿಯನ್ನು ಅರ್ಧರ್ಧ ಅಂಗುಲ ಕತ್ತರಿಸುತ್ತ ಹೋಗಿ, ಒಳ್ಳೆಯ ಆಂಟೆನಾವನ್ನು ಕೈಯಾರೆ ಹಾಳುಮಾಡಿ, ಹೊಸದನ್ನು ಕೊಂಡು ಅದನ್ನೂ ಕತ್ತರಿಸಿ ತಂದವರನ್ನು ನಾನು ನೋಡಿದ್ದೇನೆ. ಅರ್ಥಿಂಗ್ ಖಚಿತವಾಗುವವರೆಗೆ ಕತ್ತರಿ ಪೆಟ್ಟಿಗೆಯಲ್ಲೇ ಇರಲಿ.

ಇನ್ನೊಂದು ಲಕ್ಷಣವನ್ನೂ ಗಮನಿಸಬೇಕು. ಮೀಟರಿನ ಹಿಂದಿನ ಕೇಬಲ್ಲನ್ನು ಕೈಯಲ್ಲಿ ಹಿಡಿದಾಗ, ಅಥವಾ ಅದನ್ನು ಸೀಟಿನ ಕೆಳಗೆ ಸರಿಸಿದಾಗ ಮುಳ್ಳು ಅಲುಗಿದರೆ, ಮಾತಾಡುವಾಗ ಮೈಕಿನ ಜಾಲರಿ ತುಟಿಗೆ ಚುರುಕ್ಕೆಂದರೆ, ಅಥವಾ ಗುಂಡಿ ಒತ್ತಿದೊಡನೆ ಡ್ಯಾಶ್‌ಬೋರ್ಡಿನ ಯಾವುದೋ ದೀಪ ಮಿನುಗಿದರೆ, ಕೇಬಲ್ಲಿನ ಹೊರಮೈ ಆಂಟೆನಾದ ಕೆಲಸ ಮಾಡುತ್ತಿದೆ ಎಂದು ತಿಳಿಯಬೇಕು. ಅರ್ಥಿಂಗ್ ದೋಷಕ್ಕೆ ಇದಕ್ಕಿಂತ ನಂಬಲರ್ಹವಾದ ಸಾಕ್ಷಿ ಇನ್ನೊಂದಿಲ್ಲ.

ದೋಷವಿರುವ ತುಂಡನ್ನು ಬೇರ್ಪಡಿಸುವುದು

ಇದಕ್ಕೆ ಬೇಕಾದ ಮುಖ್ಯ ಸಾಧನ, ಆಂಟೆನಾದ ಬದಲಿಗೆ ನಿಂತು ಶಕ್ತಿಯನ್ನು ಹೀರಿಕೊಳ್ಳುವ 50 ಓಮ್‌ನ ಡಮ್ಮಿ ಲೋಡ್. ಅದನ್ನು ಮೊದಲು ಮೀಟರಿನ ಆಂಟೆನಾ ತುದಿಗೇ ನೇರವಾಗಿ ತಿರುಗಿಸಿ ಅಳೆದಾಗ ಹೆಚ್ಚೂಕಡಿಮೆ 1 ಬಂದರೆ ರೇಡಿಯೊ, ಮೀಟರು ಮತ್ತು ಅವುಗಳ ನಡುವಿನ ಗಿಡ್ಡ ಕೇಬಲ್ ಮೂರೂ ಸರಿ. ಆಮೇಲೆ ಆಂಟೆನಾದ ಬುಡದಲ್ಲಿ ಕೇಬಲ್ಲಿನ ಪಿಎಲ್-259 ಪ್ಲಗ್ಗನ್ನು ಬಿಚ್ಚಿ, ಅಲ್ಲಿ ಡಮ್ಮಿ ಲೋಡನ್ನು ಸೇರಿಸಿ ಮತ್ತೆ ಅಳೆಯಬೇಕು. ಈಗಲೂ ಸರಿಯಾದ ಅಂಕಿ ಬಂದರೆ ಇಡೀ ಕೇಬಲ್ ನಿರ್ದೋಷಿ, ತೊಂದರೆ ಇರುವುದು ಬುಡದಲ್ಲಿ ಅಥವಾ ಅದರಾಚೆ. ಈ ಎರಡು ಅಳತೆಗಳಿಗೆ ಹತ್ತು ನಿಮಿಷ ಸಾಕು. ಇವನ್ನು ಬಿಟ್ಟು ಊಹೆಯ ಮೇಲೆ ಕೇಬಲ್ ಬದಲಿಸಲು ಕ್ಯಾಬಿನ ಒಳಹೊದಿಕೆ ಕಳಚತೊಡಗಿದರೆ ಅರ್ಧ ದಿನ ಹೋಗುತ್ತದೆ. ಮುಂಭಾಗದ ಕಂಬದ ಹೊದಿಕೆಯ ಹಿಂದೆ ಕೆಲವು ಮಾದರಿಗಳಲ್ಲಿ ಏರ್‌ಬ್ಯಾಗ್ ಇರುವುದರಿಂದ ಅಲ್ಲಿ ಕೈಹಾಕುವ ಮುನ್ನ ತಯಾರಕರ ಕೈಪಿಡಿ ನೋಡಲೇಬೇಕು.

ಕೇಬಲ್ಲಿನಲ್ಲಿ ದೋಷವಿದ್ದರೆ ಅದು ಸಾಮಾನ್ಯವಾಗಿ ಬಾಗಿಲಿನ ಸಂದಿಯಲ್ಲಿ ಜಜ್ಜಿಹೋದ ಜಾಗದಲ್ಲಿ ಇರುತ್ತದೆ, ಇಲ್ಲವೇ ಪ್ಲಗ್ಗಿನ ಬೆಸುಗೆಯಲ್ಲಿ ಇರುತ್ತದೆ. ಹೊರಗಿನ ಪ್ಲಗ್ಗಿನ ಹಿಂದೆ ಒಂದು ಅಂಗುಲ ಸಿಪ್ಪೆ ಸುಲಿದು ನೋಡಿದಾಗ ತಾಮ್ರದ ಹೆಣಿಗೆ ಹೊಳೆಯುತ್ತಿರಬೇಕು. ಅದು ಕಪ್ಪಾಗಿದ್ದರೆ ಅಥವಾ ಹಸಿರು ಕಿಲುಬು ಹಿಡಿದಿದ್ದರೆ ನೀರು ಒಳಗೆ ಹೋಗಿದೆ, ಆ ಕೇಬಲ್ಲನ್ನು ಉಳಿಸಿಕೊಳ್ಳುವ ಪ್ರಯತ್ನ ವ್ಯರ್ಥ.

ಬುಡದ ವಾಷರ್

ಮುಕ್ಕಾಲು ಪಾಲು ಟ್ರಕ್ಕುಗಳಲ್ಲಿ ನನ್ನ ಹುಡುಕಾಟ ಇಲ್ಲಿಗೇ ಮುಗಿಯುತ್ತದೆ, ಆದ್ದರಿಂದ ಈ ಪುಟ್ಟ ಜಾಗವನ್ನು ಬಿಡಿಸಿ ಹೇಳುತ್ತೇನೆ. ಕಡ್ಡಿಯು ಎಂಟನೇ ಮೂರು ಅಂಗುಲ ದಪ್ಪದ, ತಿರುಪಿನ ಮರೆಯಿರುವ ಸ್ಟಡ್ಡಿನ ಮೇಲೆ ನಿಲ್ಲುತ್ತದೆ. ಸ್ಟಡ್ಡು ಬ್ರಾಕೆಟ್ಟಿನ ತೂತಿನೊಳಗಿಂದ ಹಾದುಹೋಗುತ್ತದೆ. ಕೇಬಲ್ಲಿನ ನಡುತಂತಿ ಈ ಸ್ಟಡ್ಡಿನ ಮೂಲಕ ಕಡ್ಡಿಗೆ ತಲುಪಬೇಕು, ಕೇಬಲ್ಲಿನ ಹೆಣಿಗೆ ಬ್ರಾಕೆಟ್ಟಿಗೆ ತಲುಪಬೇಕು, ಮತ್ತು ಈ ಎರಡೂ ಒಂದಕ್ಕೊಂದು ತಾಗಕೂಡದು. ಇವನ್ನು ಬೇರೆಯಾಗಿಡುವುದು ಟೋಪಿಯಂತೆ ಅಂಚಿರುವ ಒಂದು ಬಿಳಿಯ ನೈಲಾನ್ ವಾಷರ್. ಅದರ ಕೊರಳು ತೂತಿನೊಳಗೆ ಇಳಿದು ಸ್ಟಡ್ಡನ್ನು ಸುತ್ತುವರಿಯಬೇಕು, ಅಂಚು ಬ್ರಾಕೆಟ್ಟಿನ ಮೇಲ್ಮೈಯಲ್ಲಿ ಕೂರಬೇಕು. ಅವಸರದಲ್ಲಿ ಜೋಡಿಸಿದವರು ಅದನ್ನು ತಲೆಕೆಳಗಾಗಿ ಹಾಕಿದರೆ ಕೊರಳು ಮೇಲೆದ್ದು ಸ್ಟಡ್ಡು ತೂತಿನ ಅಂಚಿಗೆ ಒರಗುತ್ತದೆ; ಅಥವಾ ಬಲವಾಗಿ ಬಿಗಿದು ಕೊರಳನ್ನೇ ಸೀಳಿಬಿಡುತ್ತಾರೆ. ಸೀಳಿದ ವಾಷರ್ ಮೇಲಿನಿಂದ ನೋಡಿದರೆ ಹೊಸದರಂತೆಯೇ ಕಾಣುತ್ತದೆ. ಬಿಚ್ಚಿ ಬೆಳಕಿಗೆ ಹಿಡಿದಾಗ ಮಾತ್ರ ಕೊರಳಿನ ಒಂದು ಬದಿಯಲ್ಲಿ ಕೂದಲೆಳೆಯ ಬಿರುಕು, ಬಿರುಕಿನ ಎರಡೂ ದಡದಲ್ಲಿ ಸ್ಟಡ್ಡಿನ ಮರೆಗಳು ಕೊರೆದ ಕಪ್ಪು ಗೆರೆಗಳು ಕಾಣುತ್ತವೆ. ಟ್ರಕ್ಕು ನಿಂತಿರುವಾಗ ಶಾರ್ಟ್ ಇಲ್ಲ, ರಸ್ತೆಯ ಕುಲುಕಿಗೆ ಕಡ್ಡಿ ಹಿಂದಕ್ಕೆ ವಾಲಿದಾಗ ಶಾರ್ಟ್ ಇದೆ ಎಂಬಂಥ ದೋಷಗಳು ಹುಟ್ಟುವುದು ಹೀಗೆ. ಕನ್ನಡಿಯ ಬ್ರಾಕೆಟ್ಟು ಬಿಚ್ಚಿದಾಗಲೆಲ್ಲ ಹೊಸ ವಾಷರ್ ಹಾಕುವುದು ನನ್ನ ರೂಢಿ. ಅದರ ಬೆಲೆ ಏನೇನೂ ಅಲ್ಲ.

ಮಲ್ಟಿಮೀಟರಿನ ಪರೀಕ್ಷೆ ಮಾಡುವಾಗ ಕಡ್ಡಿಯನ್ನೂ ಬಿಚ್ಚಿಡಬೇಕು, ರೇಡಿಯೊ ಕಡೆಯ ಪ್ಲಗ್ಗನ್ನೂ ಕಳಚಿರಬೇಕು. ಕೆಲವು ಆಂಟೆನಾಗಳ ಒಳಸುರುಳಿ ನೇರ ಕರೆಂಟಿಗೆ (ಡಿಸಿ) ಶಾರ್ಟ್‌ನಂತೆಯೇ ತೋರುವುದರಿಂದ, ಕಡ್ಡಿ ಮೇಲಿದ್ದರೆ ಇಲ್ಲದ ದೋಷವನ್ನು ಇದೆಯೆಂದು ಭ್ರಮಿಸುವ ಸಂಭವವಿದೆ. ಸ್ಟಡ್ಡಿಗೂ ಪ್ಲಗ್ಗಿನ ನಡುಸೂಜಿಗೂ ನಡುವೆ ಪೂರ್ತಿ ಸಂಪರ್ಕವಿರಬೇಕು; ಸ್ಟಡ್ಡಿಗೂ ಬ್ರಾಕೆಟ್ಟಿಗೂ ನಡುವೆ ಸಂಪರ್ಕವೇ ಇರಬಾರದು, ಸ್ಟಡ್ಡನ್ನು ಕೈಯಿಂದ ನಾಲ್ಕೂ ದಿಕ್ಕಿಗೆ ಒತ್ತಿ ಅಲುಗಿಸಿದಾಗಲೂ ಇರಬಾರದು; ಬ್ರಾಕೆಟ್ಟಿಗೂ ಚಾಸಿಸ್ಸಿನ ಬರಿಯ ಲೋಹಕ್ಕೂ ನಡುವೆ, ಮೀಟರಿನ ತಂತಿಗಳದೇ ರೋಧವನ್ನು ಕಳೆದ ಮೇಲೆ, ಒಂದು ಓಮ್‌ಗಿಂತ ಕಡಿಮೆ ಇರಬೇಕು. ಈ ಕೊನೆಯ ಅಳತೆಯಲ್ಲಿ ಸೋತರೆ ಅರ್ಥಿಂಗ್ ಇಲ್ಲವೆಂಬುದು ಖಚಿತ. ಗೆದ್ದರೆ ಅರ್ಥಿಂಗ್ ಇದೆಯೆಂಬುದು ಖಚಿತವಲ್ಲ.

ಮೀಟರು ಸರಿಯೆಂದರೂ ಅರ್ಥಿಂಗ್ ಏಕೆ ಸಾಲದು

ಮಲ್ಟಿಮೀಟರು ಅಳೆಯುವುದು ನೇರ ಕರೆಂಟಿನ ರೋಧವನ್ನು. ಸೆಕೆಂಡಿಗೆ 2 ಕೋಟಿ 70 ಲಕ್ಷ ಬಾರಿ ಹಿಂದೆಮುಂದೆ ಹರಿಯುವ ಕರೆಂಟಿಗೆ ತಂತಿಯ ಉದ್ದವೇ ಒಂದು ತಡೆ. ಒಂದು ಮೀಟರ್ ಉದ್ದದ ಸಾಮಾನ್ಯ ದುಂಡು ತಂತಿಗೆ ಸುಮಾರು ಒಂದು ಮೈಕ್ರೊಹೆನ್ರಿಯಷ್ಟು ಇಂಡಕ್ಟೆನ್ಸ್ (ಕರೆಂಟು ಬದಲಾಗುವುದನ್ನು ತಡೆಯುವ ಗುಣ) ಇರುತ್ತದೆ, ಅದು 27 ಮೆಗಾಹರ್ಟ್ಜ್‌ನಲ್ಲಿ 170 ಓಮ್ ಆಗುತ್ತದೆ. ಮೀಟರು 0.1 ಓಮ್ ಎಂದು ತೋರಿಸುವ ಅದೇ ತಂತಿ ಆಂಟೆನಾದ ಪಾಲಿಗೆ ಹೆಚ್ಚುಕಡಿಮೆ ಮುಚ್ಚಿದ ಬಾಗಿಲು. ಕನ್ನಡಿಯ ಬ್ರಾಕೆಟ್ಟಿನಿಂದ ತೆಳ್ಳನೆಯ ಹಸಿರು ತಂತಿಯೊಂದನ್ನು ಬಾಗಿಲಿನೊಳಗಿಂದ ಸುತ್ತಿಸಿ ಬ್ಯಾಟರಿಯ ಋಣ ತುದಿಯವರೆಗೆ ಎಳೆದು ತಂದು, ಇಷ್ಟೆಲ್ಲ ಮಾಡಿದರೂ ಎಸ್‌ಡಬ್ಲ್ಯುಆರ್ ಇಳಿಯಲಿಲ್ಲವಲ್ಲ ಎಂದು ಸೋತು ಕೂತವರಿಗೆ ನಾನು ತೋರಿಸುವುದು ಈ ಒಂದು ಲೆಕ್ಕವನ್ನೇ. ಬ್ಯಾಟರಿಯವರೆಗೆ ಹೋಗುವ ಅಗತ್ಯವೇ ಇಲ್ಲ. ಹತ್ತಿರದಲ್ಲಿರುವ ದೊಡ್ಡ ಲೋಹದ ಮೈಗೆ, ಎಂದರೆ ಕ್ಯಾಬಿನ ಅಲ್ಯೂಮಿನಿಯಂ ಚರ್ಮಕ್ಕೆ, ಅಗಲವಾದ ಗಿಡ್ಡ ಪಟ್ಟಿಯಿಂದ ತಲುಪಬೇಕು. ಒಂದು ಅಂಗುಲ ಅಗಲದ ಪಟ್ಟಿ ಒಂದು ಅಡಿಗಿಂತ ಉದ್ದವಾಗದಂತೆ ನೋಡಿಕೊಂಡರೆ ಆ ತಡೆ ಹಲವು ಪಟ್ಟು ಇಳಿಯುತ್ತದೆ.

ಯಾವ ಕೀಲಿನಲ್ಲಿ ದಾರಿ ಕಡಿದಿದೆ ಎಂದು ಹುಡುಕಲು ಎರಡೂ ತುದಿಗೆ ಗಟ್ಟಿ ಕ್ಲಿಪ್ಪು ಬೆಸೆದ, ಒಂದಡಿ ಉದ್ದದ, ಹೆಣೆದ ತಾಮ್ರದ ಪಟ್ಟಿಯೊಂದನ್ನು ಇಟ್ಟುಕೊಂಡಿದ್ದೇನೆ. ದಾರಿಯ ಕೀಲುಗಳು ಒಂದಾದ ಮೇಲೊಂದು ಹೀಗಿರುತ್ತವೆ: ಬ್ರಾಕೆಟ್ಟಿನಿಂದ ಕನ್ನಡಿಯ ತೋಳು, ತೋಳಿನಿಂದ ಬಾಗಿಲು, ಬಾಗಿಲಿನಿಂದ ಅದು ತಿರುಗುವ ಕೀಲುಗಳ (ಹಿಂಜ್) ಮೂಲಕ ಕ್ಯಾಬು, ಕ್ಯಾಬಿನಿಂದ ಚಾಸಿಸ್. ಪಟ್ಟಿಯಿಂದ ಒಂದೊಂದು ಕೀಲನ್ನೂ ದಾಟಿಸುತ್ತ ಪ್ರತಿಸಲವೂ ಎಸ್‌ಡಬ್ಲ್ಯುಆರ್ ನೋಡಿದರೆ, ಯಾವ ಕೀಲನ್ನು ದಾಟಿಸಿದಾಗ ಮುಳ್ಳು ಥಟ್ಟನೆ ಇಳಿಯಿತೋ ದೋಷ ಅಲ್ಲಿದೆ. ಕ್ಲಿಪ್ಪು ಕಚ್ಚುವ ಜಾಗದಲ್ಲಿ ಬಣ್ಣ ಕೆರೆದಿರಬೇಕು, ಗುಂಡಿ ಒತ್ತುವಾಗ ಪಟ್ಟಿಯನ್ನಾಗಲಿ ಆಂಟೆನಾವನ್ನಾಗಲಿ ಮುಟ್ಟಬಾರದು.

ಕಳೆದೊಂದು ಚಳಿಗಾಲದಲ್ಲಿ ಬಂದ, ಹಿಂದೆ ಮಲಗುವ ಜಾಗವಿರುವ ಸ್ಲೀಪರ್ ಕ್ಯಾಬಿನ ಟ್ರಾಕ್ಟರೊಂದರ (ಟ್ರೇಲರ್ ಎಳೆಯುವ ಮುಂಭಾಗದ ವಾಹನ) ವಿಷಯ ಇಲ್ಲಿ ಹೇಳಬೇಕು. ಚಾಲಕ ಬೇರೆಡೆ ಎರಡು ಕಡ್ಡಿ, ಒಂದು ಕೇಬಲ್ ಬದಲಿಸಿಕೊಂಡು ಬಂದಿದ್ದರು. ಬಾಗಿಲು ಮುಚ್ಚಿದಾಗ ಮೀಟರು 1.6 ತೋರಿಸುತ್ತಿತ್ತು, ಸ್ವಲ್ಪ ದೂರ ಓಡಿಸಿದ ಮೇಲೆ 2.8ಕ್ಕೆ ಏರಿ ಅಲ್ಲೇ ಅಲುಗುತ್ತಿತ್ತು. ನಿಲ್ಲಿಸಿ ಬಾಗಿಲನ್ನು ಜೋರಾಗಿ ಹಾಕಿದರೆ ಮತ್ತೆ ಇಳಿಯುತ್ತಿತ್ತು. ಕಡ್ಡಿ ಬಾಗಿಲಿಗೆ ಕೂಡಿಸಿದ ಕನ್ನಡಿಯ ಮೇಲಿತ್ತು. ಬಾಗಿಲಿನ ಮೂರು ಕೀಲುಗಳಲ್ಲಿ ಎರಡಕ್ಕೆ ಪ್ಲಾಸ್ಟಿಕ್ ಬುಶ್ ಇದ್ದು, ಮೂರನೆಯದು ಗ್ರೀಸು ಮತ್ತು ಹಿಮ ಕರಗಿಸಲು ರಸ್ತೆಗೆ ಚೆಲ್ಲುವ ಉಪ್ಪಿನ ಕೆಸರಿನಿಂದ ತುಂಬಿತ್ತು. ಮುಚ್ಚಿದ ಬಾಗಿಲಿನ ಚಿಲಕ ಎದುರಿನ ಕೊಂಡಿಗೆ ತಾಗುವ ಒಂದು ಬಿಂದುವಿನಲ್ಲಿ ಮಾತ್ರ ಇಡೀ ಆಂಟೆನಾದ ಅರ್ಥಿಂಗ್ ನಿಂತಿತ್ತು, ರಸ್ತೆಯ ಪ್ರತಿ ಕುಲುಕಿಗೂ ಅದು ಕಡಿಯುತ್ತ ಕೂಡುತ್ತ ಇತ್ತು. ಮಲ್ಟಿಮೀಟರಿನಲ್ಲಿ ಅದು 0.4 ಓಮ್. ಬಾಗಿಲಿನ ಚೌಕಟ್ಟಿನಿಂದ ಕ್ಯಾಬಿನ ಕಂಬಕ್ಕೆ ಕೀಲುಗಳ ಪಕ್ಕದಲ್ಲೇ ಎಂಟು ಅಂಗುಲದ ಪಟ್ಟಿಯೊಂದನ್ನು ಹಾಕಿದೆ. ಬಾಗಿಲು ಮುಚ್ಚಿ ಅಳೆದಾಗ ಮೂರು ಚಾನೆಲ್‌ಗಳಲ್ಲೂ 1.5ರೊಳಗೆ ಬಂತು, ಆಮೇಲೆ ಎಷ್ಟು ದೂರ ಓಡಿಸಿದರೂ ಅಲ್ಲಿಂದ ಕದಲಲಿಲ್ಲ. ಬದಲಿಸಿ ಬಿಸಾಡಿದ್ದ ಹಳೆಯ ಎರಡು ಕಡ್ಡಿಗಳೂ ಒಳ್ಳೆಯವೇ ಆಗಿದ್ದವು ಎಂಬುದು ನನಗೆ ಈಗಲೂ ಬೇಸರ ತರುತ್ತದೆ.

ಪಟ್ಟಿ ಹಾಕುವ ರೀತಿ

ಅಲ್ಯೂಮಿನಿಯಂ ಮೇಲೆ ಬರಿಯ ತಾಮ್ರವನ್ನು ಬಿಗಿದು ಚಳಿಗಾಲದ ಉಪ್ಪುನೀರಿಗೆ ಬಿಟ್ಟರೆ, ಒಂದೆರಡು ಋತುಗಳಲ್ಲೇ ಅಲ್ಯೂಮಿನಿಯಂ ಬಿಳಿಯ ಪುಡಿಯಾಗಿ ಕರಗುತ್ತದೆ, ಮಾಡಿದ ಕೀಲು ಮತ್ತೆ ಕಡಿಯುತ್ತದೆ. ಆದ್ದರಿಂದ ತವರ ಲೇಪಿಸಿದ ಪಟ್ಟಿಯನ್ನೇ ಆರಿಸಬೇಕು. ಬಣ್ಣ ಅಥವಾ ಪೌಡರ್ ಲೇಪನವನ್ನು ಪಟ್ಟಿಯ ತುದಿ ಕೂರುವಷ್ಟು ಅಗಲಕ್ಕೆ ಕೆರೆದು, ಲೋಹ ಹೊಳೆಯುವವರೆಗೆ ಉಜ್ಜಿ, ಅಲ್ಯೂಮಿನಿಯಂ ಕೀಲುಗಳಿಗೆಂದೇ ಸಿಗುವ ಲೇಪವನ್ನು ತೆಳುವಾಗಿ ಹಚ್ಚಿ, ಹಲ್ಲಿರುವ ಸ್ಟೇನ್‌ಲೆಸ್ ವಾಷರ್ ಇಟ್ಟು ಬಿಗಿದು, ಎಲ್ಲ ಮುಗಿದ ಮೇಲೆ ಕೀಲಿನ ಹೊರಗಿನಿಂದ ಬಣ್ಣ ಬಳಿಯಬೇಕು. ಬಣ್ಣ ಬಳಿಯುವ ಕೊನೆಯ ಹೆಜ್ಜೆಯನ್ನು ಬಿಟ್ಟವರು ಮುಂದಿನ ವರ್ಷ ಮತ್ತೆ ಬರುತ್ತಾರೆ. ಬಾಗಿಲಿನಂತೆ ಅಲುಗುವ ಕಡೆ ಹೆಣೆದ ಪಟ್ಟಿಯೇ ಬೇಕು, ಆದರೆ ಹೆಣಿಗೆಯ ಎಳೆಗಳ ನಡುವೆ ನೀರು ನಿಲ್ಲುವುದರಿಂದ ಅಲುಗದ ಕಡೆ ಗಟ್ಟಿ ತಗಡಿನ ಪಟ್ಟಿ ಹೆಚ್ಚು ಬಾಳುತ್ತದೆ. ಕ್ಯಾಬು ರಬ್ಬರು ಮತ್ತು ಗಾಳಿಚೀಲಗಳ ಮೇಲೆ ಕೂತಿರುವುದರಿಂದ ಕ್ಯಾಬಿಗೂ ಚಾಸಿಸ್ಸಿಗೂ ನಡುವೆ ಕಾರ್ಖಾನೆಯೇ ಹಾಕಿರುವ ಪಟ್ಟಿ ಕಡಿದಿಲ್ಲವೇ ಎಂದು ಒಮ್ಮೆ ಬಗ್ಗಿ ನೋಡುವುದು ಒಳ್ಳೆಯದು.

ಬುಡದ ಸುತ್ತ ಲೋಹವೇ ಇಲ್ಲದ ಜಾಗದಲ್ಲಿ ಆಂಟೆನಾ ಕೂರಿಸಲೇಬೇಕಾದರೆ, ಅರ್ಥಿಂಗ್ ಬೇಡದ ಮಾದರಿಯ ಆಂಟೆನಾಗಳು ಸಿಗುತ್ತವೆ. ಅವುಗಳ ಕೇಬಲ್ಲಿನ ಉದ್ದವೇ ಹೊಂದಾಣಿಕೆಯ ಭಾಗವಾಗಿರುವುದರಿಂದ ಆ ಕೇಬಲ್ಲನ್ನು ಕತ್ತರಿಸಬಾರದು, ಸಾಮಾನ್ಯ ಕಡ್ಡಿಯ ಜೊತೆ ಬೆರೆಸಬಾರದು.

ಎರಡು ಕಡ್ಡಿಗಳಿದ್ದಾಗ

ಎರಡೂ ಕನ್ನಡಿಗಳ ಮೇಲೆ ಒಂದೊಂದು ಕಡ್ಡಿ ಇರುವ ಜೋಡಿ ವ್ಯವಸ್ಥೆಯಲ್ಲಿ ದೋಷ ಹುಡುಕುವವರು ಹೆಚ್ಚಾಗಿ ಎಡವುತ್ತಾರೆ. ಅಲ್ಲಿ ಬಳಸುವ ಕೇಬಲ್ 75 ಓಮ್‌ನ ಆರ್‌ಜಿ-59 ಜಾತಿಯದು, ಒಂದೊಂದು ಕವಲೂ ಸುಮಾರು 18 ಅಡಿ. ಆ ಉದ್ದ ಕೇಬಲ್ಲಿನೊಳಗಿನ ಅಲೆಯ ಮುಕ್ಕಾಲು ಭಾಗ. ಅಷ್ಟು ಉದ್ದದ 75 ಓಮ್ ಕೇಬಲ್ ಒಂದು ತುದಿಯ 50 ಓಮನ್ನು ಇನ್ನೊಂದು ತುದಿಯಲ್ಲಿ ಸುಮಾರು 112 ಓಮ್ ಆಗಿ ತೋರಿಸುತ್ತದೆ, ಅಂಥ ಎರಡು ಕವಲುಗಳು ಕೂಡಿದಾಗ 56 ಓಮ್ ಆಗಿ ರೇಡಿಯೊಗೆ ಹೊಂದುತ್ತದೆ. ಮಿಕ್ಕ ಕೇಬಲ್ ಚೆಂದಕ್ಕೆ ಕಾಣುವುದಿಲ್ಲವೆಂದು ಕತ್ತರಿಸಿದರೆ, ಅಥವಾ ಒಂದು ಕವಲಿಗೆ 50 ಓಮ್‌ನ ಕೇಬಲ್ ಬೆಸೆದರೆ ಈ ಲೆಕ್ಕ ಕೆಡುತ್ತದೆ.

ಇದೇ ಗುಣದಿಂದ ಒಂದು ಬದಿಯ ದೋಷ ಇಡೀ ವ್ಯವಸ್ಥೆಯಲ್ಲಿ ವಿಚಿತ್ರ ರೂಪದಲ್ಲಿ ಕಾಣಿಸುತ್ತದೆ. ಒಂದು ಕಡ್ಡಿಯ ಸಂಪರ್ಕ ಕಡಿದರೆ ಆ ಕವಲು ಕೂಡುವ ಜಾಗದಲ್ಲಿ ಅದು ಶಾರ್ಟ್ ಆಗಿ ತೋರಿ, ಸರಿಯಾಗಿರುವ ಇನ್ನೊಂದು ಕಡ್ಡಿಯನ್ನೂ ಮುಳುಗಿಸುತ್ತದೆ. ಮೀಟರು ಕೆಂಪು ಗೆರೆ ದಾಟುತ್ತದೆ. ಒಂದು ಬುಡದಲ್ಲಿ ವಾಷರ್ ಸೀಳಿ ಶಾರ್ಟ್ ಆದರೆ ಅದು ಕೂಡುವ ಜಾಗದಲ್ಲಿ ಕಡಿದಂತೆ ತೋರಿ, ಉಳಿದ ಕಡ್ಡಿಯೊಂದೇ 112 ಓಮ್ ಆಗಿ ನಿಂತು, ಮೀಟರು ಎರಡೂಕಾಲಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಎರಡೂಕಾಲು ಎಂಬ ಅಂಕಿ ಜೋಡಿ ಆಂಟೆನಾದಲ್ಲಿ ಮತ್ತೆ ಮತ್ತೆ ಕಂಡರೆ ನಾನು ಮೊದಲು ಎರಡೂ ಬುಡದ ವಾಷರ್‌ಗಳನ್ನೇ ನೋಡುತ್ತೇನೆ. ಡಮ್ಮಿ ಲೋಡ್ ಪರೀಕ್ಷೆಗೂ ಇಲ್ಲಿ ಎರಡು ಲೋಡುಗಳು ಬೇಕು, ಎರಡೂ ಬುಡಗಳಲ್ಲಿ ಏಕಕಾಲಕ್ಕೆ. ಉದ್ದ ಹೊಂದಿಸುವಾಗ ಎರಡೂ ಕಡ್ಡಿಗಳನ್ನು ಸಮಸಮನಾಗಿ ಬದಲಿಸಬೇಕು.

ಮೀಟರು ಚೆನ್ನಾಗಿದ್ದೂ ದನಿ ತಲುಪದಿದ್ದರೆ

ಎಲ್ಲ ಚಾನೆಲ್‌ಗಳಲ್ಲೂ 1.2, 1.3 ಎಂದು ಅಂಕಿ ಅಲುಗಾಡದೆ ನಿಂತಿದ್ದು, ದನಿ ಮಾತ್ರ ಅರ್ಧ ಮೈಲಿಯೂ ಹೋಗದಿದ್ದರೆ ಆ ಅಂಕಿಯನ್ನು ಸಂಶಯದಿಂದ ನೋಡಬೇಕು. ಗಿಡ್ಡ ಕಡ್ಡಿಯ ಅಂಕಿ 1ನೇ ಮತ್ತು 40ನೇ ಚಾನೆಲ್‌ಗಳ ನಡುವೆ ಸ್ವಲ್ಪವಾದರೂ ಬದಲಾಗಲೇಬೇಕು. ಕಡ್ಡಿಯನ್ನು ಪೂರ್ತಿ ಬಿಚ್ಚಿ ಕ್ಷಣಮಾತ್ರ ಗುಂಡಿ ಒತ್ತಿ ನೋಡಿದರೆ ಮೀಟರು ಕೊನೆಯವರೆಗೆ ಜಿಗಿಯಬೇಕು. ಆಗಲೂ ಅದು ಕೆಳಗೇ ಇದ್ದರೆ ನೀರು ಕುಡಿದ ಕೇಬಲ್ಲೇ ಶಕ್ತಿಯನ್ನೆಲ್ಲ ನುಂಗುತ್ತಿದೆ.

ದನಿ ಹೋಗುತ್ತದೆ, ಆದರೆ ಕೇಳುವುದಕ್ಕೆ ಗದ್ದಲ ಬಿಡುವುದಿಲ್ಲ ಎಂಬುದು ಇನ್ನೊಂದು ದೂರು. ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲವಾದ್ದರಿಂದ ಕಾರಿನವರು ಹೇಳುವ ಉಪಾಯಗಳು ಇಲ್ಲಿ ಸಲ್ಲವು. ಎಂಜಿನ್ ವೇಗದೊಂದಿಗೆ ಏರಿಳಿಯುವ ಸಿಳ್ಳೆಯಾದರೆ ಆಲ್ಟರ್ನೇಟರ್, ಟಿಕಟಿಕ ಎಂಬ ಮಿಡಿತವಾದರೆ ಇಂಜೆಕ್ಟರ್, ಎಂಜಿನ್ ನಿಲ್ಲಿಸಿದ ಮೇಲೂ ಉಳಿಯುವ ಗೊರಗೊರ ಆದರೆ ಇನ್ವರ್ಟರ್, ಅಗ್ಗದ ಎಲ್‌ಇಡಿ ದೀಪ ಅಥವಾ ಫೋನ್ ಚಾರ್ಜರ್ ಕಾರಣವಾಗಿರುತ್ತದೆ. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡುವುದೇ ಇದಕ್ಕೆ ನೇರ ದಾರಿ. ಆಂಟೆನಾದ ಪ್ಲಗ್ ಕಳಚಿದಾಗಲೂ ಗದ್ದಲ ಉಳಿದರೆ ಅದು ಕರೆಂಟಿನ ತಂತಿಯಿಂದ ಬರುತ್ತಿದೆ. ಆಗ ರೇಡಿಯೊದ ಎರಡೂ ತಂತಿಗಳನ್ನು, ಕೆಂಪು ಮತ್ತು ಕಪ್ಪು ಎರಡಕ್ಕೂ ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕಿ, ನೇರವಾಗಿ ಬ್ಯಾಟರಿಗೆ ಒಯ್ಯುವುದು ಉತ್ತಮ. ಸಾಮಾನ್ಯವಾಗಿ ನಾಲ್ಕು ಬ್ಯಾಟರಿಗಳು ಜೊತೆಗೂಡಿರುವ ಪೆಟ್ಟಿಗೆಯಲ್ಲಿ ಸ್ಪಾನರ್ ಜಾರಿದರೆ ಅದು ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ, ಕೈಯುಂಗುರ ಮತ್ತು ಗಡಿಯಾರ ತೆಗೆದಿಟ್ಟೇ ಅಲ್ಲಿ ಕೈಯಿಡಬೇಕು. ಕೇಬಲ್ಲಿನ ಹೊರಮೈಯ ಕರೆಂಟನ್ನು ತಡೆಯಲು ಫೆರೈಟ್ ಕ್ಲಾಂಪ್‌ಗಳು ನೆರವಾಗುತ್ತವೆ, ಆದರೆ ಬುಡದ ಅರ್ಥಿಂಗ್ ಸರಿಮಾಡದೆ ಕ್ಲಾಂಪ್ ಹಾಕಿದರೆ ಮೈಕಿನ ಚುರುಕು ನಿಲ್ಲಬಹುದೇ ಹೊರತು ದನಿಯ ದೂರ ಹೆಚ್ಚುವುದಿಲ್ಲ.

ಉದ್ದ ಹೊಂದಿಸುವುದು, ಅಳತೆ ಬರೆದಿಡುವುದು

ಇಷ್ಟೆಲ್ಲ ಆದ ಮೇಲೆ ಉದ್ದಕ್ಕೆ ಕೈಹಾಕಬಹುದು. ತುದಿಯಲ್ಲಿ ತಿರುಪು ಇರುವ ಕಡ್ಡಿಯಾದರೆ ಅರ್ಧ ಸುತ್ತಿನಂತೆ, ಕತ್ತರಿಸುವ ಕಡ್ಡಿಯಾದರೆ ಕಾಲು ಅಂಗುಲದಂತೆ, ಪ್ರತಿ ಬದಲಾವಣೆಗೂ ಮೂರು ಚಾನೆಲ್‌ಗಳನ್ನು ಮತ್ತೆ ಅಳೆಯುತ್ತ, 20ನೇ ಚಾನೆಲ್ಲಿನಲ್ಲಿ ಕಡಿಮೆ ಅಂಕಿ ಬರುವಂತೆ ಹೊಂದಿಸಬೇಕು. ಮೂರರಲ್ಲೂ 1.5ರೊಳಗೆ ಬಂದರೆ ಅಲ್ಲಿಗೆ ನಿಲ್ಲಿಸಬೇಕು. 1.3ನ್ನು 1.1 ಮಾಡುವುದರಿಂದ ಕೇಳುವವರಿಗೆ ಯಾವ ವ್ಯತ್ಯಾಸವೂ ತಿಳಿಯದು. ಅಮೆರಿಕದಲ್ಲಿ ಟ್ರೇಲರಿನ ಎತ್ತರ ಸಾಮಾನ್ಯವಾಗಿ 13 ಅಡಿ 6 ಅಂಗುಲ. ಕಡ್ಡಿಯ ತುದಿ ಅದಕ್ಕಿಂತ ಮೇಲೆ ಹೋದರೆ ಮರದ ಕೊಂಬೆಗಳೂ ಸೇತುವೆಗಳೂ ದಿನವೂ ಅದನ್ನು ಬಡಿದು, ಬುಡದ ವಾಷರನ್ನು ಮತ್ತೆ ಸೀಳುತ್ತವೆ.

ಕೊನೆಗೆ ಟ್ರೇಲರ್ ಸೇರಿಸಿ ಒಮ್ಮೆ, ಬಿಡಿಸಿ ಒಮ್ಮೆ ಅಳೆದು, ಎರಡೂ ಸಲದ ಮೂರು ಮೂರು ಅಂಕಿಗಳನ್ನು ತಾರೀಕಿನೊಂದಿಗೆ ಅಂಟುಪಟ್ಟಿಯ ಮೇಲೆ ಬರೆದು ನೆತ್ತಿಯ ಮೇಲಿನ ಕಪಾಟಿನ ಒಳಬದಿಗೆ ಅಂಟಿಸುತ್ತೇನೆ. ಉಪ್ಪಿನ ಋತು ಮುಗಿದ ಮೇಲೆ ಅದೇ ಬಯಲಿನಲ್ಲಿ, ಅದೇ ರೀತಿಯಲ್ಲಿ ಮತ್ತೊಮ್ಮೆ ಅಳೆದು ಆ ಅಂಕಿಗಳ ಪಕ್ಕದಲ್ಲಿ ಬರೆಯಬೇಕು. 0.3ಕ್ಕಿಂತ ಹೆಚ್ಚು ಏರಿದ್ದರೆ ಮೊದಲು ಬಿಚ್ಚಬೇಕಾದದ್ದು ಬಾಗಿಲಿನ ಪಟ್ಟಿಯ ಕೆಳಗಿನ ಬೋಲ್ಟು.